ಹತ್ತು ಗಂಟೆಗೇ ಬಂದ ಮಧ್ಯಾಹ್ನ

ನನ್ನ ತಮ್ಮ ಲಾಫ್ರಾಸ್ ಸುಳ್ಳು ಹೇಳುವವನಲ್ಲ. ಎದುರಿಗೆ ಅಲೆಟ್ಟಾ ಕೂತಿದ್ದಾಗ ಮಾತ್ರ ಅವನ ಬಾಯಿಗೆ ನಿಜ ಒಗ್ಗುವುದಿಲ್ಲ. ನಲವತ್ತು ಹತ್ತಿರ ಬಂದರೂ ನನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು, ನಾನು ಸುಟ್ಟಿಟ್ಟ ರಸ್ಕನ್ನೆಲ್ಲ ಕಾಫಿಗೆ ಅದ್ದಿ ಖಾಲಿ ಮಾಡುತ್ತಿದ್ದ ಮಹಾಶಯ ಇವನು. ಅಲೆಟ್ಟಾಳ ಮದುವೆ ಇವನೊಂದಿಗೆ ಆಗದಿದ್ದರೆ ಸಾಯುವವರೆಗೂ ಇವನಿಗೆ ನನ್ನ ರಸ್ಕೇ ಗತಿ ಎಂಬುದು ನನಗೂ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು. ಆದ್ದರಿಂದ ಈ ಕಥೆಯಲ್ಲಿ ಹೆಟ್ಟಿ ತನ್ನ ತಮ್ಮನ ಪರ ವಹಿಸಿದಳು ಎಂದು ಯಾರಾದರೂ ಅಂದರೆ, ಹೌದು, ವಹಿಸಿದೆ. ನೀವಾಗಿದ್ದರೂ ವಹಿಸುತ್ತಿದ್ದಿರಿ.

ಎಲ್ಲ ಶುರುವಾದದ್ದು ನಮ್ಮ ಸ್ಕಾಪ್‌ಫ್ಲೇ ಊರಿನ ಚರ್ಚಿನ ಗೋಪುರಕ್ಕೆ ಸಿಡಿಲು ಬಡಿದಾಗ. ಗಡಿಯಾರ ಕರಕಲಾಯಿತು. ಹೆಂಗಸರೆಲ್ಲ ಸೇರಿ ಏಪ್ರಿಕಾಟಿನ ಜಾಮು ಮಾರಿ, ಕೇಪ್‌ಟೌನಿನ ಒಬ್ಬ ಕಲ್ಲುಕೆಲಸದವನಿಂದ ನೆರಳು ಗಡಿಯಾರ ತರಿಸಿದೆವು. ಚಪ್ಪಟೆ ಕಲ್ಲಿನ ಮೇಲೆ ಗಂಟೆಯ ಗೆರೆಗಳು, ನಡುವೆ ಓರೆಯಾಗಿ ಎದ್ದ ಕಂಚಿನ ರೆಕ್ಕೆ. ಓರೆ ಎಷ್ಟಿರಬೇಕೆಂದು ನಮ್ಮ ಊರಿನ ಲೆಕ್ಕ ಹಾಕಿಯೇ ಮಾಡಿ ಕಳಿಸಿದ್ದ. ಉಳಿದದ್ದು ಒಂದೇ ಕೆಲಸ: ರೆಕ್ಕೆಯ ತುದಿ ಆಕಾಶದ ದಕ್ಷಿಣ ಧ್ರುವಕ್ಕೆ ನೇರ ಬರುವಂತೆ ಕಲ್ಲನ್ನು ನೆಡುವುದು. ಉತ್ತರದವರಿಗಾದರೆ ದೇವರು ಅಲ್ಲೊಂದು ನಕ್ಷತ್ರ ಮೊಳೆ ಹೊಡೆದು ನಿಲ್ಲಿಸಿದ್ದಾನೆ. ನಮ್ಮ ಕಡೆ ಬರುವ ಹೊತ್ತಿಗೆ ಅವನಲ್ಲಿ ಮೊಳೆ ಮುಗಿದಿತ್ತು. ದಿಕ್ಸೂಚಿ ಇಡೋಣವೆಂದರೆ ಚರ್ಚಿನ ಹಿಂದಿನ ಗುಡ್ಡ ಪೂರ್ತಿ ಕಬ್ಬಿಣಕಲ್ಲು. ಅದರ ಮುಂದೆ ಮುಳ್ಳು ಕುಡಿದವನ ಹಾಗೆ ತೂರಾಡುತ್ತಿತ್ತು.

ಚರ್ಚಿನ ಸಭೆ ಸೇರಿತು. ಗಾಳಿಯಂತ್ರ ಮಾರುವ ವೆಸೆಲ್ ಎದ್ದು ನಿಂತ. ಊರಿಗಿರುವ ಒಂದೇ ಕಾರು ಅವನದು, ಒಂದೇ ಚಿನ್ನದ ಗಡಿಯಾರ ಅವನದು, ಅಲೆಟ್ಟಾಳ ಮೇಲೆ ಇನ್ನೊಂದು ಜೊತೆ ಕಣ್ಣೂ ಅವನದೇ. "ಇಷ್ಟೆಲ್ಲ ಯಾಕೆ? ನನ್ನ ಗಡಿಯಾರದಲ್ಲಿ ಹನ್ನೆರಡಾದಾಗ ನೆರಳನ್ನ ಹನ್ನೆರಡರ ಗೆರೆಗೆ ತಿರುಗಿಸಿ ನೆಟ್ಟುಬಿಡಿ. ರೈಲ್ವೆ ಗಂಟೆಗೆ ಸರಿಮಾಡಿಟ್ಟಿದೀನಿ," ಎಂದ.

ಸಭೆಯ ಹಿರಿಯರು ಟೋಬಿಯಾಸ್ ಮಾವ, ಅಲೆಟ್ಟಾಳ ತಂದೆ; ಊರಿಗೆಲ್ಲ ಅವರು ಮಾವನೇ. ಗಡ್ಡ ನೀವಿಕೊಂಡರು. "ರೈಲ್ವೆ ಗಂಟೆ ಇಂಗ್ಲಿಷರ ಗಂಟೆ. ಯುದ್ಧದಲ್ಲಿ ಹೊಲ ಕೊಟ್ವಿ, ಕುದುರೆ ಕೊಟ್ವಿ. ಮಧ್ಯಾಹ್ನಾನೂ ಅವರ ಕೈಗೆ ಕೊಡಬೇಕಾ? ದೇವರ ಮನೆಗೆ ದೇವರ ಗಂಟೆ ಬೇಕು."

ಪಾದ್ರಿಗಳು ಹೊಸಬರು, ಟೋಬಿಯಾಸ್ ಮಾವ ಕೆಮ್ಮಿದರೆ ಪ್ರಾರ್ಥನೆಯನ್ನು ಅರ್ಧಕ್ಕೇ ಮುಗಿಸುವವರು. ಆಗ ಅಲೆಟ್ಟಾ ಸುಮ್ಮನೆ ತಲೆಯೆತ್ತಿ ನಮ್ಮ ಬೆಂಚಿನ ಕಡೆ ನೋಡಿದಳು. ಅಷ್ಟೇ ಸಾಕಾಯಿತು.

"ನಾನು ಆಕಾಶ ನೋಡಿ ಹುಡುಕಿಕೊಡ್ತೀನಿ ಮಾವ," ಎಂದ ನನ್ನ ತಮ್ಮ. "ಸರ್ವೇಯಲ್ಲಿದ್ದಾಗ ದಿನಾ ಅದೇ ಕೆಲಸ."

ಸರ್ವೇಯಲ್ಲಿದ್ದದ್ದು ನಿಜ. ಆ ದಂಡಿನ ಅಡುಗೆಯವನ ಪಾತ್ರೆಗಳನ್ನು ಹೇಸರಗತ್ತೆಯ ಮೇಲೆ ಹೇರುವ ಕೆಲಸ. ನಾನು ಅವನ ಕೋಟು ಹಿಡಿದು ಎಳೆದೆ. ಕೋಟು ನನ್ನ ಕೈಗೆ ಬಂತು, ಅವನು ಬರಲಿಲ್ಲ.

"ಗಡಿಯಾರ ಸರಿಯಾಗಿ ಕೂತರೆ," ಟೋಬಿಯಾಸ್ ಮಾವ ಎಲ್ಲರ ಮುಂದೆ ಹೇಳಿದರು, "ಮದುವೆಗೆ ತಕರಾರಿದ್ದವರು ಹೇಳಲಿ ಅಂತ ನಿಂದೂ ನನ್ನ ಮಗಳದೂ ಹೆಸರು ಚರ್ಚಿನಲ್ಲಿ ಓದಿಸ್ತೀನಿ. ಮೂರು ಭಾನುವಾರ. ಮೂರನೇದು ಪ್ರಭು ಭೋಜನದ ಭಾನುವಾರ. ಅಷ್ಟರೊಳಗೆ ಗಡಿಯಾರ ತಪ್ಪು ಅಂತ ಯಾರಾದ್ರೂ ತೋರಿಸಿದ್ರೆ, ನನ್ನ ಮಾತೂ ಅಲ್ಲಿಗೆ ಮುಗೀತು."

ಆ ಶನಿವಾರ ಲಾಫ್ರಾಸ್ ಅಲೆಟ್ಟಾಳ ಮನೆಗೆ ಹೋದ. ನಮ್ಮಲ್ಲಿ ಹುಡುಗ ಹುಡುಗಿ ಮುಂದಿನ ಕೋಣೆಯಲ್ಲಿ ಕೂತು ಮಾತಾಡಬೇಕಾದರೆ ತಾಯಿ ಒಂದು ಮೇಣದಬತ್ತಿ ಹಚ್ಚಿಡುತ್ತಾಳೆ. ಬತ್ತಿ ಮುಗಿದರೆ ಹುಡುಗ ಟೋಪಿ ಎತ್ತಿಕೊಳ್ಳಬೇಕು. ಅಲ್ಲಿಯವರೆಗೆ ಅಲೆಟ್ಟಾಳ ತಾಯಿ ಸೋಫೀ ಅತ್ತೆ ಇವನಿಗೆ ಇಡುತ್ತಿದ್ದ ಬತ್ತಿ ಹೇಗಿರುತ್ತಿತ್ತೆಂದರೆ, ಇವನು ಕೂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆರಿಹೋಗುತ್ತಿತ್ತು. ಈ ಸಲ ಹೊಸ ಬತ್ತಿ ಇಟ್ಟರಂತೆ. ಇವನು ಎದ್ದು ಬಂದಾಗ ನಮ್ಮ ಮನೆಯಲ್ಲಿ ಎಲ್ಲರದೂ ಒಂದು ನಿದ್ದೆ ಆಗಿತ್ತು.

ಸೋಮವಾರ ರಾತ್ರಿ ಊಟ ಮುಗಿಸಿ ಊರಿಗೆ ಊರೇ ಚರ್ಚಿನ ಅಂಗಳದಲ್ಲಿ ಸೇರಿತು. ಮಾರ್ಚಿ ತಿಂಗಳು, ನಮ್ಮ ಕಾರೂ ಎಂಬ ಒಣ ಬಯಲಿನ ಮೇಲೆ ಒಂದು ಎಳೆ ಮೋಡವಿಲ್ಲ. ನನ್ನ ತಮ್ಮ ಎರಡು ಕೋಲು, ಕಲ್ಲು ಕಟ್ಟಿದ ಒಂದು ದಾರ ಹಿಡಿದು, ಮದುವೆಗೆ ಮುಂಚೆಯೇ ಮದುಮಗನ ಹಾಗೆ ನಿಂತಿದ್ದ.

"ಶಿಲುಬೆಯ ನಕ್ಷತ್ರ ಹುಡುಕಬೇಕು," ಎಂದು ಶುರುಮಾಡಿದ. "ಅದರ ತಲೆಯಿಂದ ಬುಡಕ್ಕೆ ಗೆರೆ ಎಳೆದು, ಅಷ್ಟೇ ಉದ್ದವನ್ನ ಬುಡದಿಂದ ಮುಂದಕ್ಕೆ ನಾಲ್ಕೂವರೆ ಸಲ ಅಳೆದರೆ ಅಲ್ಲೇ ಧ್ರುವ."

ಇಷ್ಟು ಸರಿ. ಪಾತ್ರೆ ಹೇರುವಾಗ ಕಿವಿಗೆ ಬಿದ್ದದ್ದನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದ. ಆದರೆ ಮೇಲೆ ನೋಡಿದ ಸೋಫೀ ಅತ್ತೆ, "ಎರಡಿದೆಯಲ್ಲಪ್ಪ," ಎಂದರು.

ಎರಡಿತ್ತು. ನೆತ್ತಿಯ ಹತ್ತಿರ ಒಂದು ದೊಡ್ಡ ಶಿಲುಬೆ. ಕೆಳಗೆ ಗುಡ್ಡದ ಕಡೆ ಇನ್ನೊಂದು, ಸಣ್ಣದು. ಅದರ ಹಿಂದೆಯೇ ಎರಡು ಹೊಳೆಯುವ ನಕ್ಷತ್ರ. ಲಾಫ್ರಾಸ್ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಆಮೇಲೆ ಬೂಟು ನೋಡಿಕೊಂಡ.

"ಸಣ್ಣದು ಇರಬೇಕು," ಅಲೆಟ್ಟಾ ಮೆಲ್ಲಗೆ ಹೇಳಿದಳು. "ಅಜ್ಜಿ ಗಾಡಿ ಕಟ್ಟಿಕೊಂಡು ಬರುವಾಗ ಆ ಎರಡು ನಕ್ಷತ್ರ ಜೊತೆಗಿದ್ದದ್ದನ್ನೇ ನೋಡ್ತಿದ್ರಂತೆ."

"ಅಲೆಟ್ಟಾ," ಟೋಬಿಯಾಸ್ ಮಾವ ತಡೆದರು. "ಗೊಲ್ಗೊಥದಲ್ಲಿ ಎಷ್ಟು ಶಿಲುಬೆ ಇತ್ತು?"

"ಮೂರು, ಅಪ್ಪ."

"ಪ್ರಭುವಿನದು ಒಂದು, ಮಿಕ್ಕದ್ದು ಕಳ್ಳರದು. ಈಗ ನೀನೇ ಹೇಳು, ದೊಡ್ಡದಾಗಿ ಮೇಲಿರೋದು ಪ್ರಭುವಿನದೋ, ಗುಡ್ಡದ ಪಕ್ಕ ಕುರಿಕಳ್ಳನ ಹಾಗೆ ಬಗ್ಗಿಕೊಂಡಿರೋದು ಪ್ರಭುವಿನದೋ? ಹಿಂದೆ ಇಬ್ಬರು ಪೊಲೀಸರು ಬೇರೆ."

ಸಭೆಯಲ್ಲಿ ಮೆಚ್ಚುಗೆಯ ಗೊಣಗಾಟ ಎದ್ದಿತು. ಪಾದ್ರಿಗಳು, ಇದು ಯಾವ ಗ್ರಂಥದಲ್ಲೂ ಇಲ್ಲ ಎಂದು ಬಾಯಿ ತೆರೆದವರು, ಮಾವ ಕೆಮ್ಮಿದ್ದರಿಂದ ಮುಚ್ಚಿದರು. ಲಾಫ್ರಾಸ್‌ಗೆ ಹೋದ ಜೀವ ಬಂತು. ಮಾವನ ಜೊತೆ ಶಾಸ್ತ್ರವೂ ತನ್ನ ಕಡೆ ಇರುವಾಗ ಇನ್ನೇನು ಬೇಕು? ದೊಡ್ಡ ಶಿಲುಬೆಯ ತಲೆಯಿಂದ ಬುಡಕ್ಕೆ ಕೋಲು ಹಿಡಿದು ನಾಲ್ಕೂವರೆ ಸಲ ಅಳೆದ. ಕೋಲಿನ ತುದಿ ಒಂದು ಕಡೆ ನಿಂತಿತು.

"ನಕ್ಷತ್ರ ಎಲ್ಲಿ?" ಮಾವ ಕೇಳಿದರು.

"ಇಲ್ಲ ಮಾವ. ಖಾಲಿ ಜಾಗ."

"ಇಷ್ಟೆಲ್ಲ ಅಳೆದು ಖಾಲಿ ಜಾಗ ತೋರಿಸ್ತೀಯಾ?"

"ಖಾಲಿ ಇದ್ದರೇ ಸರಿ ಮಾವ. ಏನಾದ್ರೂ ಇದ್ದಿದ್ರೆ ತಪ್ಪಾಗಿರೋದು."

ಮೋಸ ಎಂದರೆ, ಕಂಚಿನ ರೆಕ್ಕೆಯನ್ನು ಆ ಖಾಲಿ ಜಾಗದ ಕಡೆ ತಿರುಗಿಸಿದರೆ ಓರೆಯೂ ಅಚ್ಚುಕಟ್ಟಾಗಿ ಹೊಂದಿತು. ಗುಡ್ಡದ ಎಡಕ್ಕೆ ನೋಡಬೇಕಾದ ರೆಕ್ಕೆ ವೆಸೆಲ್‌ನ ಗೋದಾಮಿನ ಕಡೆ ನೋಡುತ್ತಿದೆಯಲ್ಲ ಎಂದು ನನಗೆ ಅನ್ನಿಸಿತು. ಆದರೆ ನನಗೆ ನನ್ನ ಹಿಂದಿನ ಕೋಣೆ ಖಾಲಿಯಾಗಬೇಕಿತ್ತು. ಸಿಮೆಂಟು ಕಲಸಿ ಕಲ್ಲನ್ನು ನೆಟ್ಟರು.

ಮರುದಿನ ಬೆಳಿಗ್ಗೆ ಕಾಫಿ ಕುಡಿದು ಪಾತ್ರೆ ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಿದ್ದೆ, ಚರ್ಚಿನಲ್ಲಿ ಗಂಟೆಯ ಮುದುಕ ನೆರಳು ನೋಡಿ ಹನ್ನೆರಡು ಹೊಡೆದ. ನನ್ನ ಗಂಡ ಹೊಲದಿಂದ ಓಡಿಬಂದು ಊಟಕ್ಕೆ ಕೂತ. "ಏನಿದೆ?" ಎಂದ. ಏನಿರುತ್ತದೆ? ಕುರಿಯ ತೊಡೆಯನ್ನು ಆಗತಾನೆ ಒಲೆಗೆ ಇಟ್ಟಿದ್ದೆ. ಇಡೀ ಬೀದಿಯಲ್ಲಿ ಅವತ್ತು ಅರೆಬೆಂದ ಮಾಂಸ ತಿಂದರು. ಒಂದು ವಾರದಲ್ಲಿ ಊರಿನವರೆಲ್ಲ ತಮ್ಮ ತಮ್ಮ ಗೋಡೆಯ ಗಡಿಯಾರಗಳನ್ನು ನೆರಳು ಗಡಿಯಾರಕ್ಕೆ ಸರಿಯಾಗಿ ಮುಂದಕ್ಕೆ ತಿರುಗಿಸಿದರು. ಮನುಷ್ಯರು ಒಪ್ಪಿದರು. ಹಸುಗಳು ಒಪ್ಪಲಿಲ್ಲ; ಹಾಲು ಕರೆಯಲು ಹೋದರೆ, ಇದೇನು ಹೊತ್ತಲ್ಲದ ಹೊತ್ತಲ್ಲಿ ಎಂಬ ಹಾಗೆ ತಿರುಗಿ ನೋಡಿ ಬಕೆಟ್ಟು ಒದೆಯುತ್ತಿದ್ದವು. ಕೋಳಿಗಳನ್ನಂತೂ ಹಾಡುಹಗಲೇ ಅಟ್ಟಿಸಿಕೊಂಡು ಹೋಗಿ ಗೂಡಿಗೆ ತುಂಬಬೇಕಾಗುತ್ತಿತ್ತು.

ಟೋಬಿಯಾಸ್ ಮಾವ ಉಣ್ಣೆಯ ಮೂಟೆ ಹೇರಿಕೊಂಡು ರೈಲಿಗೆ ಹೋದರು. ಕಾದರು. ಬಿಸಿಲಲ್ಲಿ ಕಾದು ಕಾದು ಮುಖ ಬೀಟ್‌ರೂಟಾಯಿತು. ಕೊನೆಗೆ ರೈಲು ಬಂದಾಗ ಸ್ಟೇಷನ್ ಮಾಸ್ತರನನ್ನು ಹಿಡಿದುಕೊಂಡರು.

"ಏನಪ್ಪ, ನಿಮ್ಮ ರೈಲಿಗೆ ನಾಚಿಕೆ ಬೇಡವಾ? ಇಷ್ಟು ಹೊತ್ತಾ ಬರೋದು?"

"ಸರಿಯಾದ ಹೊತ್ತಿಗೇ ಬಂದಿದೆ ಮಾವ."

"ಇಂಗ್ಲಿಷರು ಸರಿ ಅಂದದ್ದಕ್ಕೇ ನಾವು ಬಂದೂಕು ಹಿಡಿದದ್ದು."

ಅಂದಿನಿಂದ ಊರಲ್ಲಿ ರೈಲ್ವೆಯ ಸೋಮಾರಿತನ ಎಲ್ಲರ ಬಾಯಲ್ಲಿ. ರೈಲು ಎಂದೂ ಇಷ್ಟು ತಡವಾಗಿರಲಿಲ್ಲ, ಸರ್ಕಾರ ದೇಶವನ್ನು ಹಾಳುಗೆಡವಿತು ಎಂದು ನನ್ನ ಗಂಡ ಕೂಡ ಭಾಷಣ ಮಾಡಿದ. ವೆಸೆಲ್ ಒಬ್ಬನೇ ಬೀದಿ ಬೀದಿ ಅಲೆದು ಚಿನ್ನದ ಗಡಿಯಾರ ತೆಗೆದು ತೋರಿಸುತ್ತಿದ್ದ. "ಇದು ಸರಿ, ಅದು ತಪ್ಪು," ಎನ್ನುತ್ತಿದ್ದ. "ಪಾಪ, ಅಷ್ಟು ದುಡ್ಡು ಕೊಟ್ಟು ತಗೊಂಡ ಗಡಿಯಾರ," ಎಂದು ಸೋಫೀ ಅತ್ತೆ ಅವನಿಗೆ ಸಮಾಧಾನ ಹೇಳಿ ಎರಡು ಬಿಸ್ಕತ್ತು ಕೊಟ್ಟು ಕಳಿಸಿದರು.

ಮೊದಲ ಭಾನುವಾರ ಅವನು ತನ್ನ ಗಡಿಯಾರ ನೋಡಿಕೊಂಡು ಚರ್ಚಿಗೆ ಬಂದಾಗ ನಾವೆಲ್ಲ ಹೊರಗೆ ಬರುತ್ತಿದ್ದೆವು. ಹೆಸರು ಓದಿ ಆಗಿತ್ತು. ಎರಡನೇ ಭಾನುವಾರ ಬೇಗ ಹೊರಟು ಓಡೋಡಿ ಬಂದ. ಪಾದ್ರಿಗಳು ಪ್ರಸಂಗದ ನಡುವಿನಲ್ಲಿದ್ದರು, ಹೆಸರು ಓದುವುದೂ "ಯಾರಿಗಾದರೂ ತಕರಾರಿದೆಯೇ" ಎಂದು ಕೇಳುವುದೂ ಆಗಲೇ ಮುಗಿದಿತ್ತು. ಹೊರಗೆ ಬಂದ ಮೇಲೆ ಅವನು ಲಾಫ್ರಾಸ್‌ನ ಎದೆಗೆ ಬೆರಳಿಟ್ಟ.

"ಮುಂದಿನ ವಾರ ಶನಿವಾರವೇ ಬಂದು ಚರ್ಚಿನ ಬಾಗಿಲಲ್ಲಿ ಕಾರು ನಿಲ್ಲಿಸಿ ಅದರಲ್ಲೇ ಮಲಗ್ತೀನಿ. ನಿನ್ನ ಹಾಳು ಗಂಟೆ ಯಾವಾಗ ಹೊಡೆದ್ರೂ ಎದ್ದು ನಿಂತು ತಕರಾರು ಹೇಳ್ತೀನಿ. ಬಯಲಿನ ರೈತರೆಲ್ಲ ಇರ್ತಾರೆ. ಅವರ ಗಡಿಯಾರ ನೀನು ಕೆಡಿಸಿಲ್ಲ."

ಲಾಫ್ರಾಸ್ ಮನೆಗೆ ಬಂದು ರಸ್ಕು ಮುಟ್ಟಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಅವನು ಹೋಗಿ ಅಲೆಟ್ಟಾಳಿಗೆ ಹೇಳಿದ. ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲವಂತೆ.

"ತಪ್ಪು ಅಂತ ನನಗೆ ಗೊತ್ತು," ಎಂದಳು. "ಅಂಗಳದಲ್ಲಿ ಪೊರಕೆ ಕೋಲು ನೆಟ್ಟು ನೋಡಿದೆ. ನೆರಳು ತೀರಾ ಗಿಡ್ಡ ಆಗೋದೇ ನಿಜವಾದ ಮಧ್ಯಾಹ್ನ. ಆಗ ನಮ್ಮನೆಯಲ್ಲಿ ಊಟ ಮುಗಿದು ಎಲ್ಲರೂ ಒಂದು ನಿದ್ದೆ ಮಾಡಿ ಎದ್ದಿರ್ತಾರೆ."

"ಮತ್ತೆ ಹೇಳಲಿಲ್ಲ ಯಾಕೆ?"

"ಅವತ್ತೇ ಹೇಳಿದೆ. ಸಣ್ಣ ಶಿಲುಬೆ ಅಂತ. ನೀನು ಅಪ್ಪನ ಗಡ್ಡ ನೋಡ್ತಿದ್ದೆ. ಆಮೇಲೆ ನಮ್ಮ ಹೆಸರು ಓದೋಕೆ ಶುರುಮಾಡಿದ್ರು. ನನಗೂ ಬೇಕಾಗಿತ್ತಲ್ಲ, ಸುಮ್ಮನಿದ್ದೆ."

ನನಗೂ ಬೇಕಾಗಿತ್ತು ಎಂಬ ಮಾತು ಕೇಳಿ ನನ್ನ ತಮ್ಮ ಮೂರು ದಿನ ಗೋಡೆಗೆ ಢಿಕ್ಕಿ ಹೊಡೆದುಕೊಂಡು ಓಡಾಡಿದ. ಆ ಸಂತೋಷದಲ್ಲಿ, ಹೋಗಿ ಮಾವನಿಗೆ ಎಲ್ಲ ಒಪ್ಪಿಕೊಂಡುಬಿಡುತ್ತೇನೆ ಎಂದ. ನಾನು ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತೆ.

ಶನಿವಾರ ಬಂತು. ಪ್ರಭು ಭೋಜನಕ್ಕೆಂದು ಬಯಲಿನ ರೈತರೆಲ್ಲ ಗಾಡಿ ಕಟ್ಟಿಕೊಂಡು ಬಂದು ಚರ್ಚಿನ ಸುತ್ತ ಬೀಡುಬಿಟ್ಟರು. ವೆಸೆಲ್‌ನ ಕಾರು ಬಾಗಿಲಲ್ಲಿ ನಿಂತಿತು. ನೆರಳು ಗಡಿಯಾರವೋ ಚರ್ಚಿನ ಪಕ್ಕದ ಮೆಣಸಿನ ಮರದ ಆಚೆ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ. ಕತ್ತಲಾಗುತ್ತಲೇ ನಾನು ಅಂಗಳದ ಇನ್ನೊಂದು ತುದಿಯಲ್ಲಿ ಒಲೆ ಹೂಡಿ ಕುಂಬಳಕಾಯಿ ವಡೆ ಕರಿಯಲು ಕೂತೆ. ಮೇಲೆ ದಾಲ್ಚಿನ್ನಿ ಸಕ್ಕರೆ ಧಾರಾಳವಾಗಿ ಉದುರಿಸಿದೆ. ಗಾಳಿ ಬೀಸಿದ್ದೇ ತಡ, ಬೀಡಿಗೆ ಬೀಡೇ ಮೂಗು ತೋರಿಸಿದ ದಾರಿಯಲ್ಲಿ ಬಂತು. ವೆಸೆಲ್ ಕೂಡ ಕಾರಿಂದಿಳಿದು ಬಂದ. ಅವನ ಬಾಯಿ ತುಂಬಿದಷ್ಟು ಹೊತ್ತು ಕಿವಿ ಕೇಳಿಸದಿರಲಿ ಎಂದು ರೈತರಿಂದ ಕೀರ್ತನೆ ಹಾಡಿಸಿದೆ. ಕೀರ್ತನೆಯ ಪ್ರತಿ ಸಾಲಿನ ಕೊನೆಗೆ ಮರದ ಆಚೆ ಹಾರೆಯ ಒಂದು ಪೆಟ್ಟು.

ಅಲ್ಲಿ ನಡೆದದ್ದನ್ನು ಅಲೆಟ್ಟಾ ಆಮೇಲೆ ಹೇಳಿದಳು. ಕಲ್ಲು ಕಿತ್ತಾಯಿತು. ಈಗ ಎಲ್ಲಿಗೆ ತಿರುಗಿಸುವುದು? ಅವಳು ಗುಡ್ಡದ ಕಡೆ ಸಣ್ಣ ಶಿಲುಬೆಯನ್ನು ತೋರಿಸಿದಳು. ಅದರ ತಲೆಯಿಂದ ಬುಡಕ್ಕೆ ಒಂದು ಗೆರೆ, ಮುಂದಕ್ಕೆ. ಹಿಂದಿರುವ ಎರಡು ನಕ್ಷತ್ರಗಳ ನಟ್ಟನಡುವಿನಿಂದ ಅಡ್ಡಡ್ಡ ಇನ್ನೊಂದು ಗೆರೆ. ಎರಡೂ ಕೂಡಿದ ಕಡೆ ಧ್ರುವ. ಲಾಫ್ರಾಸ್ ಒಂದು ಕೋಲು ಹಿಡಿದ, ಅವಳು ಇನ್ನೊಂದು. ಕೋಲುಗಳ ತುದಿ ಕೂಡಿದಾಗ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಒಂದೇ ಕಡೆ ನೋಡಬೇಕಾಯಿತು.

"ಏನೂ ಕಾಣ್ತಿಲ್ಲ," ಎಂದನಂತೆ ಇವನು.

"ಇಲ್ಲೂ ಖಾಲಿಯೇ. ಸ್ವಲ್ಪ ಹೊತ್ತು ನೋಡ್ತಾ ಇರು," ಎಂದಳಂತೆ ಅವಳು.

ಖಾಲಿ ಜಾಗವನ್ನು ಅವರು ಅದೆಷ್ಟು ಹೊತ್ತು ನೋಡಿದರೆಂದರೆ ನನ್ನ ಹಿಟ್ಟು ಮುಗಿಯಿತು, ಎಣ್ಣೆ ಮುಗಿಯಿತು, ರೈತರಿಗೆ ಬರುವ ಕೀರ್ತನೆಗಳೂ ಮುಗಿದವು. ಆಮೇಲೆ ಸಿಮೆಂಟು ಕಲಸಿದರು.

ಬೆಳಗಾಯಿತು. ಊರಿನವರು ತಮ್ಮ ಗಡಿಯಾರ ನೋಡಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು ಅಂಗಳದಲ್ಲಿ ನಿಂತರು. ಗಂಟೆ ಹೊಡೆಯಲಿಲ್ಲ. ಗಂಟೆ ಹೊಡೆಯುವ ಮುದುಕ ನೆರಳನ್ನೇ ನೋಡುತ್ತ ನಿಂತಿದ್ದ. ನೆರಳು ಇನ್ನೂ ಎಲ್ಲೋ ಇತ್ತು. ಮಕ್ಕಳು ಅತ್ತವು, ಹೊಟ್ಟೆಗಳು ಗುಡುಗಿದವು. "ಸೂರ್ಯನೂ ರೈಲ್ವೆಗೆ ಸೇರಿಕೊಂಡನೋ ಏನೋ," ಎಂದ ನನ್ನ ಗಂಡ. ಬಯಲಿನ ರೈತರು ಮಾತ್ರ ನಿಧಾನವಾಗಿ ಮುಖ ತೊಳೆದು ಕಾಫಿ ಕುಡಿದು ಬಂದರು. ಅವರು ಕೂತರು, ಗಂಟೆ ಹೊಡೆಯಿತು.

ಪಾದ್ರಿಗಳು ಹೆಸರು ಓದಿ "ಯಾರಿಗಾದರೂ" ಎನ್ನುತ್ತಿದ್ದ ಹಾಗೆಯೇ ವೆಸೆಲ್ ಎದ್ದ. ರಾತ್ರಿಯೆಲ್ಲ ಕಾರಿನಲ್ಲಿ ಮಡಚಿಕೊಂಡಿದ್ದವನಿಗೆ ಪೂರ್ತಿ ನೆಟ್ಟಗಾಗಲು ಸ್ವಲ್ಪ ಸಮಯ ಹಿಡಿಯಿತು.

"ನನಗಿದೆ. ಆ ನೆರಳು ಗಡಿಯಾರ ಎರಡು ಗಂಟೆ ಮುಂದಿದೆ. ಎಲ್ಲರೂ ಬನ್ನಿ, ತೋರಿಸ್ತೀನಿ."

ಇಡೀ ಸಭೆ ಹೊರಗೆ ಬಂದು ಕಲ್ಲಿನ ಸುತ್ತ ನೆರೆಯಿತು. ವೆಸೆಲ್ ಚಿನ್ನದ ಗಡಿಯಾರ ತೆರೆದು ಎತ್ತಿ ಹಿಡಿದ. ಒಬ್ಬ ರೈತ ಅದನ್ನು ನೋಡಿದ, ನೆರಳನ್ನು ನೋಡಿದ. "ಎಲ್ಲಿ ಮುಂದಿದೆ ತಮ್ಮ? ನಿನ್ನ ಗಡಿಯಾರಕ್ಕಿಂತ ಒಂಚೂರು ಹಿಂದೇ ಇದೆಯಲ್ಲ."

ವೆಸೆಲ್ ನೋಡಿದ. ಗಡಿಯಾರ ಅಲ್ಲಾಡಿಸಿದ. ಕಿವಿಗಿಟ್ಟುಕೊಂಡ. ಮತ್ತೆ ನೋಡಿದ. ಅವನ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು. ಮೊದಲೇ ಗೊತ್ತಿದ್ದರೆ ಎರಡು ವಡೆ ಹೆಚ್ಚಿಗೆ ಕೊಡುತ್ತಿದ್ದೆ.

ಟೋಬಿಯಾಸ್ ಮಾವ ಮುಂದೆ ಬಂದರು. ಕಲ್ಲಿನ ಬುಡಕ್ಕೆ ಕೈಯೂರಿ ಬಗ್ಗಿ ನೆರಳು ನೋಡಿದರು. ಅವರ ಜೇಬಿನ ಗಡಿಯಾರದಲ್ಲಿ ಹೆಚ್ಚು ಕಡಿಮೆ ಊಟದ ಹೊತ್ತಾಗಿತ್ತು. ಅದನ್ನು ಇನ್ನೊಂದು ಕೈಯಿಂದ ತೆಗೆದು ನೋಡಿದರು, ಮತ್ತೆ ನೆರಳು ನೋಡಿದರು. ಊರಿಡೀ ಅವರ ಬಾಯನ್ನೇ ಕಾಯುತ್ತಿತ್ತು.

"ಗಡಿಯಾರ ಸರಿಯಾಗಿದೆ," ಎಂದರು ಕೊನೆಗೆ. ಕಲ್ಲಿನಿಂದ ಎತ್ತಿದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಆ ಒಂಚೂರು ವ್ಯತ್ಯಾಸ ಇಂಗ್ಲಿಷರದು. ನಮ್ಮ ಮನೆಗಳಲ್ಲಿರೋ ಗಡಿಯಾರಗಳು ಸೆಕೆಗೆ ಕೆಟ್ಟಿವೆ, ಎಲ್ಲರೂ ಹೋಗಿ ಸರಿಮಾಡಿಕೊಳ್ಳಿ. ಪಾದ್ರಿಗಳೇ, ತಕರಾರು ಬಿದ್ದುಹೋಯ್ತು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ತಮ್ಮ ಎಂಬವನು ಒಬ್ಬನಿದ್ದಾನಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡು ಕಲ್ಲಿನ ಪಕ್ಕ ಬಂದು ನಿಂತ. ಮುಖದಲ್ಲಿ ಹುತಾತ್ಮನ ಕಳೆ.

"ಸಭೆಯವರೇ, ನನ್ನ ಮನಸ್ಸು ತಡೀತಿಲ್ಲ. ನಿನ್ನೆ ಕತ್ತಲಾದ ಮೇಲೆ ನಾನು—"

ಅಲೆಟ್ಟಾ ಹಾಡಲು ಶುರುಮಾಡಿದಳು. ನಮ್ಮ ಚರ್ಚಿನಲ್ಲಿ ಹೆಂಗಸು ಕೀರ್ತನೆ ಎತ್ತಿಕೊಟ್ಟದ್ದು ಅದೇ ಮೊದಲು. ಆದರೆ ಕೀರ್ತನೆಯನ್ನು ಯಾರೇ ಎತ್ತಿಕೊಡಲಿ, ಎತ್ತಿದ ಮೇಲೆ ಕೈಬಿಡುವುದು ಪಾಪ. ನಾನು ಸೇರಿಕೊಂಡೆ, ಸೋಫೀ ಅತ್ತೆ ಸೇರಿಕೊಂಡರು, ನಿನ್ನೆಯೆಲ್ಲ ಹಾಡಿ ಗಂಟಲು ಹದವಾಗಿದ್ದ ರೈತರು ಸೇರಿಕೊಂಡರು. ಕಬ್ಬಿಣಕಲ್ಲಿನ ಗುಡ್ಡ ಪ್ರತಿಧ್ವನಿಸಿತು. ಲಾಫ್ರಾಸ್ ಒಂದನ್ನೂ ಬಿಡದೆ ಎಲ್ಲ ತಪ್ಪೊಪ್ಪಿಕೊಂಡ, ಪಾತ್ರೆ ಹೇರಿದ್ದರಿಂದ ಹಿಡಿದು. ಅವನ ಬಾಯಿ ಆಡುವುದು ಕಾಣುತ್ತಿತ್ತು. ಒಂದು ಅಕ್ಷರವೂ ಯಾರಿಗೂ ಕೇಳಿಸಲಿಲ್ಲ. ಹಾಡು ನಿಂತಾಗ ಅವನೂ ನಿಲ್ಲಿಸಿ, ಭಾರ ಇಳಿದವನ ಹಾಗೆ ಉಸಿರುಬಿಟ್ಟ. ಪಾದ್ರಿಗಳು ಆಮೆನ್ ಎಂದರು.

ಜನ ಒಳಗೆ ಹೋಗುತ್ತಿದ್ದರು. ಟೋಬಿಯಾಸ್ ಮಾವ ಮಾತ್ರ ಹಿಂದೆ ಉಳಿದು ನನ್ನ ಪಕ್ಕ ಬಂದು ನಿಂತರು. ಅತ್ತಿತ್ತ ನೋಡಿ ಜೇಬಿನಿಂದ ಕೈ ತೆಗೆದರು. ಐದೂ ಬೆರಳು ಬೂದಿ ಬಣ್ಣವಾಗಿ ಒದ್ದೆಯಾಗಿದ್ದವು.

"ಹೆಟ್ಟಿ," ಎಂದರು, ಮೆಲ್ಲಗೆ. "ಸಿಮೆಂಟು ಇನ್ನೂ ಹಸಿ ಇದೆ. ಬಿಸಿಲೇರೋ ಮುಂಚೆ ಮೇಲೊಂದು ಒದ್ದೆ ಗೋಣಿ ಹೊದಿಸೋಕೆ ನನ್ನ ಅಳಿಯನಿಗೆ ಹೇಳು. ಇಲ್ಲದಿದ್ರೆ ಬಿರುಕು ಬಿಡುತ್ತೆ."